ನೆಲದಡಿಯ ನೇಪಲ್ಸ್, ನೆಲದ ಮೇಲಿನ ಊಟ



ಇಟಲಿಯ ದಕ್ಷಿಣ ಭಾಗದಲ್ಲಿ, ಕಡಲಿಗೆ ಮುಖಮಾಡಿ ಕೂತಿರುವ ನೇಪಲ್ಸ್ ಊರಿನ ಹಳೇ ಪೇಟೆಯಲ್ಲಿ ಯಾವ ಮನೆಯ ಗಾರೆ ಉದುರಿದ್ದರೂ ಒಳಗಿನಿಂದ ಅರಿಶಿನ ಬಣ್ಣದ ಕಲ್ಲು ಇಣುಕುತ್ತದೆ. ಈ ಕಲ್ಲು ಎಲ್ಲಿಂದ ತಂದದ್ದು ಎಂದು ಕೇಳಿದರೆ ಅಲ್ಲಿಯವರು ಬೆಟ್ಟದ ಕಡೆಗೆ ಕೈ ತೋರಿಸುವುದಿಲ್ಲ, ಕಾಲ ಕೆಳಗೆ ತೋರಿಸುತ್ತಾರೆ. ಮನೆ ಎಲ್ಲಿ ಏಳಬೇಕೋ ಅಲ್ಲೇ ನೆಲಕ್ಕೆ ಕಿರಿದಾದ ತೂತು ಕೊರೆದು, ಕೆಳಗಿಳಿಯುತ್ತ ಇಳಿಯುತ್ತ ಅಗಲ ಮಾಡಿಕೊಂಡು ಕಲ್ಲು ಕಡಿದು, ಅದನ್ನೇ ಮೇಲೆತ್ತಿ ಗೋಡೆ ಕಟ್ಟಿದವರು ಅವರು. ಗೋಡೆ ಎದ್ದಷ್ಟೂ ಕೆಳಗೆ ಗವಿ ದೊಡ್ಡದಾಯಿತು. ನಮ್ಮ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲಿನ ಕೋರೆ ಇರುತ್ತದಲ್ಲ, ಕಲ್ಲೆಲ್ಲ ಮನೆಗಳಿಗೆ ಹೋದ ಮೇಲೆ ಹೊಂಡ ಉಳಿದು ಮಳೆಗಾಲದಲ್ಲಿ ನೀರು ತುಂಬಿಕೊಳ್ಳುವುದು? ಆ ಕೋರೆಯ ನೆತ್ತಿಯ ಮೇಲೆಯೇ ಮನೆ ಕಟ್ಟಿ, ಹೊಂಡದ ನೀರನ್ನು ಅಡುಗೆಮನೆಯಿಂದಲೇ ಸೇದಿಕೊಂಡರೆ ಹೇಗಿರುತ್ತದೆಯೋ ಹಾಗೆ ಈ ಊರು.

ನೇಪಲ್ಸ್ ಎಂದ ಕೂಡಲೇ ನಮಗೆ ವೆಸೂವಿಯಸ್ ಜ್ವಾಲಾಮುಖಿ ನೆನಪಾಗುತ್ತದೆ. ಆದರೆ ಈ ಹಳದಿ ಕಲ್ಲು ಅದರದ್ದಲ್ಲ. ಊರಿನ ಪಶ್ಚಿಮಕ್ಕೆ ಕಾಂಪಿ ಫ್ಲೆಗ್ರೇಯಿ ಎಂಬ ಇನ್ನೊಂದು ಜ್ವಾಲಾಮುಖಿ ಪ್ರದೇಶವಿದೆ. ಸುಮಾರು 15,000 ವರ್ಷಗಳ ಹಿಂದೆ ಅದು ಸಿಡಿದಾಗ ಹಾರಿದ ಬೂದಿ ಪದರಪದರವಾಗಿ ಕೂತು ಗಟ್ಟಿಯಾಗಿ ಕಲ್ಲಾಯಿತು. ಹಗುರವಾದ ಕಲ್ಲು, ಕೈ ಉಪಕರಣದಲ್ಲೇ ಕಡಿಯಬಹುದು. ಕ್ರಿಸ್ತಪೂರ್ವ 4ನೆಯ ಶತಮಾನದ ಹೊತ್ತಿಗೆ ಅಲ್ಲಿ ನೆಲೆಸಿದ್ದ ಗ್ರೀಕರು ಕೋಟೆಗೋಡೆಗೂ ದೇವಾಲಯಗಳಿಗೂ ಇದನ್ನೇ ಕಡಿದರು. ಆಮೇಲೆ ಬಂದ ರೋಮನ್ನರು ಅದೇ ಗವಿಗಳಿಗೆ ಕಾಲುವೆ ಜೋಡಿಸಿ ನೀರು ಹರಿಸಿದರು. ಮುಂದೆ ಸ್ಪೇನಿನ ವೈಸರಾಯರ ಆಡಳಿತದಲ್ಲಿ, ಊರು ಮಿತಿಮೀರಿ ಬೆಳೆಯಬಾರದೆಂದು ಹೊರಗಿನಿಂದ ಕಟ್ಟಡದ ಸಾಮಗ್ರಿ ತರುವುದಕ್ಕೆ ತಡೆ ಹಾಕಿದರಂತೆ. ಜನ ಏನು ಮಾಡಿದರು? ಸದ್ದಿಲ್ಲದೆ ತಮ್ಮ ಮನೆಯ ಕೆಳಗೇ ಅಗೆದರು, ಮೇಲೆ ಇನ್ನೊಂದು ಮಹಡಿ ಏರಿಸಿದರು. ಕಾನೂನು ಊರನ್ನು ಕುಗ್ಗಿಸಲು ಹೊರಟಿತು, ಊರು ಎರಡೂ ಕಡೆಗೆ ಬೆಳೆಯಿತು.

ಇಂಥ ಊರಿನಲ್ಲಿ ಒಂದು ಇಡೀ ದಿನವನ್ನು ನೆಲದ ಕೆಳಗೆ ಓಡಾಡುವುದಕ್ಕೂ ಮೇಲೆ ಬಂದಾಗಲೆಲ್ಲ ತಿನ್ನುವುದಕ್ಕೂ ಮೀಸಲಿಟ್ಟೆವು. ಜೊತೆಯಲ್ಲಿ ಮಿಲಾನಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು. ಭಾಷೆ ಬಲ್ಲವಳು ಅವಳು, ಹೊಟ್ಟೆಯ ಚಿಂತೆಯವಳು ನಾನು. ಮೊಟ್ಟೆ ಸಹ ಮುಟ್ಟದ ನನ್ನಂಥವಳಿಗೆ ವಿದೇಶದಲ್ಲಿ ಊಟವೆಂದರೆ ಅರ್ಧ ವಿಚಾರಣೆ, ಅರ್ಧ ಊಟ.

ಬೆಳಿಗ್ಗೆ ಸಾನ್ ಗಯೆತಾನೋ ಚೌಕಕ್ಕೆ ಬಂದೆವು. ಗ್ರೀಕರ ಕಾಲದ ಸಂತೆಬಯಲು, ರೋಮನ್ನರ ಕಾಲದ ಸಭಾಸ್ಥಾನ ಎಲ್ಲ ಇದೇ ಜಾಗ. ಇಲ್ಲಿರುವ ಸಾನ್ ಪಾವೋಲೋ ಚರ್ಚಿನ ಮುಂದೆ ಎರಡು ಎತ್ತರದ ಕಂಬಗಳಿವೆ. ಮೊದಲು ಅಲ್ಲಿದ್ದ ರೋಮನ್ ದೇವಾಲಯದ ಮುಖಮಂಟಪದಲ್ಲಿ 1688ರ ಭೂಕಂಪದ ನಂತರ ಉಳಿದದ್ದು ಅಷ್ಟೇ. ಚೌಕದ ಮೂಲೆಯ ಕಾಫಿ ಅಂಗಡಿಯಲ್ಲಿ ನಿಂತುಕೊಂಡೇ ಕಾಫಿ ಕುಡಿಯುವ ಪದ್ಧತಿ. ಕಾಫಿಗೆ ಮುಂಚೆ ಒಂದು ಪುಟ್ಟ ಲೋಟ ನೀರು ಮುಂದಿಡುತ್ತಾರೆ. ಬಾಯಿ ತೊಳೆದುಕೊಂಡು ಆಮೇಲೆ ಕಾಫಿಯ ರುಚಿ ನೋಡಬೇಕು. ನೀರನ್ನು ಕಾಫಿಯ ನಂತರ ಕುಡಿದರೆ ಕಾಫಿ ಹಿಡಿಸಲಿಲ್ಲವೆಂದು ತಿಳಿದುಕೊಳ್ಳುವವರೂ ಇದ್ದಾರೆ ಎಂದಳು ಹುಡುಗಿ. ನಮ್ಮ ಕಡೆಯ ಲೋಟ ಕಾಫಿ ಕುಡಿದವರಿಗೆ ಅವರ ಬಟ್ಟಲು ಎರಡು ಗುಟುಕಿಗೆ ಮುಗಿದುಹೋಗುತ್ತದೆ. ಆ ಎರಡು ಗುಟುಕು ಮಾತ್ರ ಮಧ್ಯಾಹ್ನದವರೆಗೆ ನಾಲಿಗೆ ಬಿಟ್ಟು ಹೋಗುವುದಿಲ್ಲ.

"ಚಿಕ್ಕಮ್ಮ, ಮೆಟ್ಟಿಲು ನೂರಕ್ಕಿಂತ ಜಾಸ್ತಿ ಉಂಟಂತೆ. ನಿಮ್ಮ ಗಂಟುನೋವಿಗೆ ಆಗ್ತದಾ?"

"ಇಳಿಯುವುದಕ್ಕೆ ಆಗ್ತದೆ. ಹತ್ತುವುದು ನಿನ್ನ ಜವಾಬ್ದಾರಿ."

ಇಳಿದೆವು. ಸುಮಾರು ನಲವತ್ತು ಮೀಟರ್ ಆಳ. ಮೇಲಿನ ಸ್ಕೂಟರುಗಳ ಗಲಾಟೆ ಮೊದಲ ತಿರುವಿನಲ್ಲೇ ನಿಂತುಹೋಯಿತು. ತಣ್ಣಗಿತ್ತು, ಸ್ವೆಟರ್ ಬೇಕೆನ್ನಿಸುವಷ್ಟು. ಕೆಳಗೆ ಹೋದ ಮೇಲೆ ತಲೆಯೆತ್ತಿ ನೋಡಿದರೆ ದೇವಸ್ಥಾನದ ನವರಂಗಕ್ಕಿಂತ ದೊಡ್ಡ ಕೋಣೆ, ನಾಲ್ಕೂ ಕಡೆ ಉಳಿಯ ಗುರುತು ಹೊತ್ತ ಹಳದಿ ಗೋಡೆ, ಮಾಡಿನಲ್ಲಿ ಚೌಕಾಕಾರದ ಒಂದು ಕಂಡಿ. ಆ ಕೋಣೆಯೇ ನೀರಿನ ಟಾಂಕಿ, ಆ ಕಂಡಿಯೇ ಬಾವಿಯ ಬಾಯಿ. ಮೇಲಿನ ಮನೆಯವರು ಕೊಡ ಇಳಿಬಿಡುತ್ತಿದ್ದುದು ಅದರಿಂದ. ಇಂಥ ಕೋಣೆಗಳು ಒಂದರ ಪಕ್ಕ ಒಂದು, ನಡುವೆ ಸಣ್ಣ ಕಾಲುವೆ, ಊರೆಲ್ಲ ಹೀಗೇ.

ನೀರು ಬರುತ್ತಿದ್ದುದು ದೂರದಿಂದ. ಸೆರೀನೋ ಎಂಬಲ್ಲಿನ ಒರತೆಗಳಿಂದ ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಸುಮಾರು ನೂರು ಕಿಲೋಮೀಟರ್ ಉದ್ದದ ಕಾಲುವೆ ಕಟ್ಟಿದರು. ಅದು ನೇಪಲ್ಸನ್ನು ದಾಟಿ ಮಿಸೇನೋ ಬಂದರಿನ ನೌಕಾಪಡೆಯವರೆಗೂ ಹೋಗುತ್ತಿತ್ತು. ಊರು ಬೆಳೆದು ನೀರು ಸಾಲದಾದಾಗ 1629ರ ಹೊತ್ತಿಗೆ ಕಾರ್ಮಿನ್ಯಾನೋ ಎಂಬ ಶ್ರೀಮಂತ ಇನ್ನೊಂದು ಕಾಲುವೆ ತಂದ. ನೀರು ಬರುವ ದಾರಿಯಲ್ಲಿ ಶತ್ರುವೂ ಬರಬಹುದು ಎನ್ನುವುದು ನೇಪಲ್ಸಿಗೆ ಎರಡು ಸಲ ಗೊತ್ತಾಗಿದೆ. 536ರಲ್ಲಿ ಬೈಜಾಂಟಿಯಮ್ಮಿನ ಸೇನಾಪತಿ ಬೆಲಿಸಾರಿಯಸ್ ಕೋಟೆ ಒಡೆಯಲಾಗದೆ ಕಂಗೆಟ್ಟಿದ್ದಾಗ ಅವನ ಸೈನಿಕರು ಬತ್ತಿದ ಕಾಲುವೆಯೊಳಗಿಂದ ನುಗ್ಗಿ ಊರು ಹಿಡಿದರು. 1442ರಲ್ಲಿ ಅರಗಾನಿನ ಅಲ್ಫೋನ್ಸೋ ರಾಜನ ಕಡೆಯವರೂ ನೆಲದಡಿಯ ನೀರುದಾರಿಯಿಂದಲೇ ಒಳಬಂದರು. ಸಾವಿರ ವರ್ಷ ಹತ್ತಿರವಾದರೂ ಆ ಬಾಗಿಲಿಗೆ ಚಿಲಕ ಹಾಕುವುದು ಯಾರಿಗೂ ನೆನಪಾಗಲಿಲ್ಲ ನೋಡಿ.

ನಮ್ಮ ಮಾರ್ಗದರ್ಶಿ ದೆವ್ವದ ಕಥೆಗಳನ್ನು ಚೆನ್ನಾಗಿ ಹೇಳುತ್ತಿದ್ದ. ಮುನಾಚಿಯೆಲ್ಲೋ ಎಂಬ ಗಿಡ್ಡ ಸನ್ಯಾಸಿಯ ಭೂತ ರಾತ್ರಿ ಮನೆಗೆ ಬರುತ್ತದೆ, ಮೆಚ್ಚಿದರೆ ದುಡ್ಡು ಇಟ್ಟು ಹೋಗುತ್ತದೆ, ಮೆಚ್ಚದಿದ್ದರೆ ಪಾತ್ರೆ ಒಡೆಯುತ್ತದೆ, ಒಡವೆ ಮಾಯ ಮಾಡುತ್ತದೆ. ಜನ ನಕ್ಕರು. ನನಗೆ ಮಾತ್ರ ಅದೇ ಕಥೆಯ ಬೆನ್ನಿಗಿದ್ದ ಮನುಷ್ಯರ ವಿಷಯವೇ ಹೆಚ್ಚು ಬೇಕಾಗಿತ್ತು. ಪೊತ್ಸಾರಿ ಎಂದು ಕರೆಯುತ್ತಿದ್ದ ಬಾವಿ ಕೆಲಸದವರು ಅವರು. ಈ ಟಾಂಕಿಗಳನ್ನು ಶುಚಿ ಮಾಡುವುದು, ಕಾಲುವೆ ಕಟ್ಟಿಕೊಂಡರೆ ಬಿಡಿಸುವುದು, ಯಾವ ಮನೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ಇಕ್ಕಟ್ಟಿನ ಕಾಲುವೆಯಲ್ಲಿ ನುಸುಳಬೇಕಾದ್ದರಿಂದ ಗಿಡ್ಡ ಆಳುಗಳಿಗೇ ಬೇಡಿಕೆ. ಬಾವಿಯ ಗೋಡೆಯಲ್ಲಿ ಎದುರುಬದುರು ಹೆಜ್ಜೆಗುಳಿಗಳನ್ನು ಕೊರೆದಿದ್ದಾರೆ. ಅದಕ್ಕೆ ಕಾಲು ಕೊಟ್ಟು, ಹಗ್ಗವಿಲ್ಲದೆ, ನಲವತ್ತು ಮೀಟರ್ ಹತ್ತಿ ಇಳಿಯುತ್ತಿದ್ದರು. ಹಾಗೆ ಹತ್ತಿದರೆ ತಲುಪುವುದು ಯಾರದೋ ಮನೆಯ ಒಳಗೇ. ಕೂಲಿ ಕೊಡದ ಮನೆಯಲ್ಲಿ ಏನಾದರೂ ಕಳೆದುಹೋದರೆ, ನಿಲುವಂಗಿ ಹೊದ್ದ ಗಿಡ್ಡ ಆಕೃತಿ ಕತ್ತಲಲ್ಲಿ ಕಂಡರೆ, ಭೂತದ ಕಥೆ ಹುಟ್ಟಲು ಇನ್ನೇನು ಬೇಕು? ಯಜಮಾನ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬಂದ ಭೂತಗಳ ಬಗೆಗೂ ಆ ಊರಿನವರು ಕಣ್ಣು ಮಿಟುಕಿಸಿ ಕಥೆ ಹೇಳುತ್ತಾರೆ, ಅದನ್ನು ಇಲ್ಲಿ ಬಿಡೋಣ.

ಒಂದು ಟಾಂಕಿಗೆ ಹೋಗುವ ದಾರಿ ಅರ್ಧ ಮೀಟರಿನಷ್ಟು ಅಗಲ. ಅಡ್ಡ ತಿರುಗಿ ನಡೆಯಬೇಕು. ಕೈಯಲ್ಲಿ ಪುಟ್ಟ ದೀಪ. ನನ್ನ ಮುಂದಿದ್ದ ಜರ್ಮನ್ ಗಂಡಸು ಉಸಿರು ಒಳಗೆಳೆದುಕೊಂಡು ಹೊಟ್ಟೆ ಸಣ್ಣದು ಮಾಡಿದ. "ಮಧ್ಯಾಹ್ನದ ಊಟಕ್ಕೆ ಮೊದಲು ಬಂದದ್ದು ಒಳ್ಳೇದಾಯ್ತು ಚಿಕ್ಕಮ್ಮ" ಎಂದಳು ಹಿಂದಿನಿಂದ ಹುಡುಗಿ. ದಾರಿ ಮುಗಿದಲ್ಲಿ ತಿಳಿನೀರು ತುಂಬಿದ ಟಾಂಕಿ. ಪ್ರವಾಸಿಗರಿಗಾಗಿ ಈಗ ತುಂಬಿಸಿಟ್ಟ ನೀರು ಅದು, ಬಣ್ಣದ ದೀಪವೂ ಇಟ್ಟಿದ್ದಾರೆ. ದೀಪ ಇಲ್ಲದಿದ್ದರೂ ಚೆನ್ನಾಗಿರುತ್ತಿತ್ತು ಅನ್ನಿಸಿತು ನನಗೆ.

ಇಷ್ಟು ಜಾಣತನದ ವ್ಯವಸ್ಥೆ ನಿಂತದ್ದು ಯಾಕೆ? ಬಾವಿಯ ಪಕ್ಕದಲ್ಲೇ ಶೌಚದ ಗುಂಡಿ, ಕಲ್ಲು ತೂತುತೂತಿನದು. 1884ರಲ್ಲಿ ಕಾಲರಾ ಬಂದು ನೇಪಲ್ಸಿನಲ್ಲಿ ಸಾವಿರಾರು ಜನ ಸತ್ತರು. ಮರುವರ್ಷವೇ ಸೆರೀನೋದಿಂದ ಹೊಸ ಪೈಪಿನ ನೀರು ಬಂತು. ರೋಮನ್ನರು ನೀರು ತಂದಿದ್ದ ಅದೇ ಕಡೆಯಿಂದ, ಈ ಸಲ ಮುಚ್ಚಿದ ಕೊಳವೆಯಲ್ಲಿ. ಬಾವಿಗಳನ್ನು ಮುಚ್ಚಿಸಿದರು. ಪೊತ್ಸಾರಿಗಳ ಕೆಲಸ ಹೋಯಿತು. ಎರಡು ಸಾವಿರ ವರ್ಷಗಳಿಂದ ಊರಿಗೆ ನೀರು ಕೊಟ್ಟ ಟಾಂಕಿ ಕಸ ಸುರಿಯುವ ಗುಂಡಿಯಾಯಿತು.

ಅದು ಮತ್ತೆ ಜನರಿಗೆ ನೆನಪಾದದ್ದು ಎರಡನೆಯ ಮಹಾಯುದ್ಧದಲ್ಲಿ. ಇಟಲಿಯಲ್ಲಿ ಅತಿ ಹೆಚ್ಚು ಬಾಂಬು ಬಿದ್ದ ಊರುಗಳಲ್ಲಿ ನೇಪಲ್ಸ್ ಒಂದು. ಟಾಂಕಿಗಳ ನೆಲ ಸಮ ಮಾಡಿ, ಮೆಟ್ಟಿಲು ಕಡಿದು, ವಿದ್ಯುತ್ ತಂತಿ ಎಳೆದು ಆಶ್ರಯತಾಣ ಮಾಡಿದರು. ನಾವು ಇಳಿದ ಮೆಟ್ಟಿಲೂ ಹಾಗೆ ಓಡುವ ಕಾಲುಗಳಿಗಾಗಿ ಸಿದ್ಧವಾದ ದಾರಿ. ಸೈರನ್ ಕೂಗಿದರೆ ಇಡೀ ಬೀದಿ ಕೆಳಗೆ. ಗೋಡೆಯ ಮೇಲೆ ವಿಮಾನ, ಬಾಂಬುಗಳ ಚಿತ್ರ, ಯಾರದೋ ಹೆಸರು, ಒಂದು ದಿನಾಂಕ. ಗಾಜಿನ ಪೆಟ್ಟಿಗೆಯಲ್ಲಿ ಮಕ್ಕಳ ಆಟಿಕೆ, ಪಾತ್ರೆ, ಮಂಚದ ಕಬ್ಬಿಣ. ಮೇಲೆ 1943ರ ಆಗಸ್ಟ್ 4ರಂದು ಸಾಂತಾ ಕಿಯಾರಾ ಚರ್ಚು ಉರಿದುಹೋಯಿತು. ಸೆಪ್ಟೆಂಬರ್ 27ರಿಂದ 30ರವರೆಗೆ ಊರಿನವರು, ಹೆಂಗಸರು ಹುಡುಗರೂ ಸೇರಿ, ಜರ್ಮನ್ ಸೈನ್ಯದ ವಿರುದ್ಧ ಬೀದಿಗಿಳಿದರು. ಮಿತ್ರಪಡೆ ಬರುವಷ್ಟರಲ್ಲಿ ಜರ್ಮನ್ನರು ಊರು ಬಿಟ್ಟಿದ್ದರು. ಬಾಗಿಲು ಇಲ್ಲದ ಈ ಕೋಣೆಯಲ್ಲಿ ಬಾಣಂತಿಯರನ್ನು ಎಲ್ಲಿ ಮಲಗಿಸುತ್ತಿದ್ದರು, ಮಗುವಿಗೆ ಹಾಲು ಎಲ್ಲಿ ಕಾಯಿಸುತ್ತಿದ್ದರು ಎಂದು ಹುಡುಗಿಯ ಬಾಯಿಂದ ಕೇಳಿಸಿದೆ. ಮಾರ್ಗದರ್ಶಿ ತಮಾಷೆ ನಿಲ್ಲಿಸಿದ. ತನ್ನ ಅಜ್ಜಿ ಇಲ್ಲಿಯ ವಿಷಯ ಮಾತಾಡುತ್ತಲೇ ಇರಲಿಲ್ಲ, ಮನೆಯಲ್ಲಿ ಮಾತ್ರ ದೀಪ ಆರಿಸಿ ಮಲಗಲು ಬಿಡುತ್ತಿರಲಿಲ್ಲ ಎಂದ.

ಮೇಲೆ ಬಂದು ಪಕ್ಕದ ಗಲ್ಲಿಯಲ್ಲಿ ಒಂದು ಒಂಟಿಕೋಣೆಯ ಮನೆಗೆ ಕರೆದೊಯ್ದರು. ನೆಲಮಟ್ಟದ ಇಂಥ ಮನೆಗೆ ಅಲ್ಲಿ ಬಾಸ್ಸೋ ಎನ್ನುತ್ತಾರೆ. ಮಂಚವನ್ನು ಸರಿಸಿದರು. ಕೆಳಗೆ ಮುಚ್ಚಳದ ಬಾಗಿಲು. ಅದರಲ್ಲಿ ಇಳಿದರೆ ರೋಮನ್ ನಾಟಕಶಾಲೆಯ ಕಮಾನುಗಳು! ನೀರೋ ಚಕ್ರವರ್ತಿ ಹಾಡಿದ ರಂಗಸ್ಥಳ. ಅವನು ಹಾಡುತ್ತಿರುವಾಗ ಭೂಮಿ ನಡುಗಿದರೂ ಹಾಡು ಮುಗಿಯುವವರೆಗೆ ನಿಲ್ಲಿಸಲಿಲ್ಲ ಎಂದು ರೋಮನ್ ಚರಿತ್ರಕಾರ ಸ್ಯುಟೋನಿಯಸ್ ಬರೆದಿದ್ದಾನೆ. ಪ್ರೇಕ್ಷಕರು ಎದ್ದು ಹೋಗಲು ಧೈರ್ಯ ಮಾಡಿದರೋ ಇಲ್ಲವೋ. ಆ ರಂಗದ ಒಂದು ತುಂಡನ್ನು ಮನೆಯವರು ಎಷ್ಟೋ ಕಾಲ ನೆಲಮಾಳಿಗೆಯಾಗಿ ಬಳಸಿಕೊಂಡಿದ್ದರು. ಚಕ್ರವರ್ತಿ ಹಾಡಿದ ಕಡೆ ವೈನ್ ಬಾಟಲಿ ಜೋಡಿಸಿಟ್ಟರೆ ತಪ್ಪೇನು?

ಹೊಟ್ಟೆ ಕೂಗುತ್ತಿತ್ತು. ಅಲ್ಲಿಂದ ತ್ರಿಬುನಾಲಿ ಬೀದಿ ಎರಡು ಹೆಜ್ಜೆ. ಗ್ರೀಕರು ಎಳೆದ ಗೆರೆಯ ಮೇಲೇ ಇಂದಿಗೂ ಇರುವ ಬೀದಿ, ಈಗ ಪಿಜ್ಜಾ ಅಂಗಡಿಗಳ ಸಾಲು. ಹೆಸರು ಬರೆಸಿ ಬೀದಿಯಲ್ಲಿ ಕಾಯಬೇಕು. ಕಾಯುವಾಗ ಒಲೆ ನೋಡುವುದೇ ಒಂದು ಕೆಲಸ. ಗುಮ್ಮಟದಂಥ ಒಲೆ, ಒಳಗೆ ಸೌದೆ, ಶಾಖ 480 ಡಿಗ್ರಿಯ ಆಸುಪಾಸು. ಹಿಟ್ಟು, ನೀರು, ಉಪ್ಪು, ಹುದುಗು, ಇಷ್ಟೇ ಕಣಕ. ಲಟ್ಟಣಿಗೆ ಮುಟ್ಟಿಸುವುದಿಲ್ಲ, ಬೆರಳಲ್ಲೇ ನಡುವಿನಿಂದ ಅಂಚಿಗೆ ಗಾಳಿ ತಳ್ಳಿ ಹರಡುತ್ತಾರೆ. ಒಲೆಗೆ ಹೋದದ್ದು ಒಂದರಿಂದ ಒಂದೂವರೆ ನಿಮಿಷದೊಳಗೆ ಹೊರಗೆ. ಈ ಕೈಕೆಲಸವನ್ನು ಯುನೆಸ್ಕೋ 2017ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 1889ರಲ್ಲಿ ರಾಣಿ ಮಾರ್ಗೆರೀತಾಳಿಗಾಗಿ ಧ್ವಜದ ಮೂರು ಬಣ್ಣದ ಪಿಜ್ಜಾ ಮಾಡಿದರು ಎಂಬ ಕಥೆಯನ್ನು ಎಲ್ಲ ಕಡೆ ಹೇಳುತ್ತಾರೆ, ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ.

ನಾನು ತರಿಸಿದ್ದು ಮಾರಿನಾರಾ. ಸಸ್ಯಾಹಾರಿಗಳು ಈ ಹೆಸರು ನೆನಪಿಟ್ಟುಕೊಳ್ಳಿ. ಸಮುದ್ರದ ಹೆಸರು ಹೊತ್ತಿದ್ದರೂ ಮೀನಿಲ್ಲ. ಟೊಮೇಟೊ, ಬೆಳ್ಳುಳ್ಳಿ, ಒರೆಗಾನೋ ಸೊಪ್ಪು, ಆಲಿವ್ ಎಣ್ಣೆ, ಮುಗಿಯಿತು. ಚೀಸೂ ಇಲ್ಲ. ಅಲ್ಲಿಯ ಎಷ್ಟೋ ಗಟ್ಟಿ ಚೀಸುಗಳಲ್ಲಿ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರಾದ್ದರಿಂದ ಕಟ್ಟುನಿಟ್ಟಿನವರಿಗೆ ಇದೇ ಕ್ಷೇಮ. ಪದರಪದರವಾದ ಸ್ಫೋಲ್ಯತೆಲ್ಲಾ ಎಂಬ ಸಿಹಿತಿಂಡಿ ಕಿಟಕಿಕಿಟಕಿಯಲ್ಲೂ ಕರೆಯುತ್ತದೆ, ನೋಡಲು ಚಿರೋಟಿಯ ತಂಗಿ. ಆದರೆ ಪದರ ಬಿಡಿಸುವುದು ಹಂದಿಯ ಕೊಬ್ಬು. ಹುಡುಗಿ ನನ್ನೆದುರೇ ಎರಡು ತಿಂದಳು. "ನಿಮಗೆ ಬೇಡ ಅಲ್ವಾ ಚಿಕ್ಕಮ್ಮ?" ಎಂದು ಕೇಳಿದ್ದು ಎರಡನೆಯದನ್ನು ಮುಗಿಸಿದ ಮೇಲೆ.

ಮಾರಿನಾರಾ ನಡುವೆ ಒದ್ದೆ, ಅಂಚು ಉಬ್ಬಿ ಅಲ್ಲಲ್ಲಿ ಸುಟ್ಟ ಕಲೆ. ಬೆಳ್ಳುಳ್ಳಿ ಹಸಿಯೂ ಅಲ್ಲ, ಬೆಂದದ್ದೂ ಅಲ್ಲ. ಬೆಂಗಳೂರಿನ ಪಿಜ್ಜಾ ತಿಂದ ಬಾಯಿಗೆ ಮೊದಲ ತುತ್ತು ಬೋಳು ಅನ್ನಿಸುತ್ತದೆ, ನಾಲ್ಕನೆಯ ತುತ್ತಿನಲ್ಲಿ ಅದರ ಮೇಲೆ ಇನ್ನೇನೂ ಬೇಡ ಅನ್ನಿಸುತ್ತದೆ. ಯುದ್ಧ ಮುಗಿದ ಬಡತನದಲ್ಲಿ ಒಲೆಗೆ ಸೌದೆಯೂ ಇಲ್ಲದೆ ಹೆಂಗಸರು ಬಾಸ್ಸೋ ಬಾಗಿಲಲ್ಲಿ ಬಾಣಲೆಯಿಟ್ಟು ಪಿಜ್ಜಾ ಕರಿದು ಮಾರುತ್ತಿದ್ದರು. ಇಂದು ತಿಂದು ಎಂಟು ದಿನಕ್ಕೆ ದುಡ್ಡು ಕೊಡಿ ಎನ್ನುವ ಸಾಲದ ಏರ್ಪಾಡು. 1954ರ ವಿತ್ತೋರಿಯೋ ದೆ ಸೀಕಾ ಸಿನಿಮಾ 'ನೇಪಲ್ಸಿನ ಚಿನ್ನ'ದಲ್ಲಿ ಸೋಫಿಯಾ ಲೊರೇನ್ ಆಡಿದ್ದು ಅಂಥ ಪಿಜ್ಜಾ ಮಾರುವವಳ ಪಾತ್ರವನ್ನೇ. ಬೆಳಿಗ್ಗೆ ಕೆಳಗೆ ಕಂಡ ಪಾತ್ರೆಗಳ ಮುಂದಿನ ಕಥೆ ಇದು ಎಂದುಕೊಂಡೆ.

ಊಟದ ನಂತರ ಚೌಕದ ಇನ್ನೊಂದು ಬದಿಯ ಸಾನ್ ಲೊರೆಂತ್ಸೋ ಚರ್ಚಿನ ಕೆಳಗೆ ಇಳಿದೆವು. ಅಲ್ಲಿರುವುದು ರೋಮನ್ನರ ಬೀದಿ, ಬೀದಿಯಾಗಿಯೇ. ಎರಡೂ ಕಡೆ ಅಂಗಡಿ, ಮಾರುಕಟ್ಟೆ, ಬಟ್ಟೆ ಒಗೆಯುವವರ ತೊಟ್ಟಿ, ಬ್ರೆಡ್ಡಿನ ಒಲೆ. ಮೇಲೆ ಈಗಷ್ಟೇ ನೋಡಿ ಬಂದ ಗುಮ್ಮಟದ ಒಲೆಗೂ ಇದಕ್ಕೂ ಆಕಾರದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನನಗೆ ಇಡೀ ದಿನದಲ್ಲಿ ಅತಿ ಇಷ್ಟವಾದದ್ದು ಈ ಜಾಗ. ಜನವೂ ಕಡಿಮೆ. ಭೂತವಿಲ್ಲದ ಕಡೆ ಪ್ರವಾಸಿಗರು ಬರುವುದಿಲ್ಲವೋ ಏನೋ.

ಸಂಜೆಯ ಮುಂದೆ ಬೂರ್ಬೋನ್ ಸುರಂಗ. 1848ರ ದಂಗೆಗಳಿಂದ ಹೆದರಿದ ರಾಜ ಎರಡನೆಯ ಫೆರ್ಡಿನಾಂಡ್, ಬೇಕಾದರೆ ಅರಮನೆಯಿಂದ ತಪ್ಪಿಸಿಕೊಳ್ಳಲೂ ಸೈನ್ಯ ತರಿಸಿಕೊಳ್ಳಲೂ ಒಂದು ದಾರಿಯಿರಲೆಂದು 1853ರಲ್ಲಿ ಅಗೆಯಲು ಹೇಳಿದ. ಮುಗಿಯಲಿಲ್ಲ, ಅವನೂ ಅದರಲ್ಲಿ ಓಡಲಿಲ್ಲ. ಓಡಿದ್ದು 1940ರ ದಶಕದ ಜನ, ಬಾಂಬಿಗೆ ಹೆದರಿ. ಯುದ್ಧದ ನಂತರ ಜಪ್ತಿ ಮಾಡಿದ ಗಾಡಿಗಳನ್ನು ತಂದು ತುಂಬಿದರು. ಧೂಳು ಹೊದ್ದ ಹಳೇ ಫಿಯೆಟ್ ಕಾರು, ವೆಸ್ಪಾ ಸ್ಕೂಟರು ಈಗಲೂ ಸಾಲಾಗಿ ನಿಂತಿವೆ. ಹುಡುಗಿ ಅಲ್ಲಿಂದ ಕದಲಲೇ ಇಲ್ಲ. ತಲೆಬುರುಡೆಗಳ ಫೊಂತಾನೆಲ್ಲೆ ಗವಿಗೂ ಹೋಗೋಣವೆಂದಳು, ನಾನು ಒಲ್ಲೆ ಎಂದೆ. ಒಂದು ದಿನಕ್ಕೆ ಬದುಕಿದವರ ಗುರುತು ಸಾಕು.

ಮೆಟ್ರೋ ಸಹ ನೆಲದಡಿಯದೇ ತಾನೆ! 2012ರಲ್ಲಿ ತೆರೆದ ತೊಲೇದೋ ನಿಲ್ದಾಣ ಐವತ್ತು ಮೀಟರ್ ಆಳ, ಎಸ್ಕಲೇಟರಿನ ಮೇಲೆಲ್ಲ ನೀಲಿ ಗಾಜುಕಲ್ಲಿನ ಕೆಲಸ. ಇದೇ ಮಾರ್ಗಕ್ಕಾಗಿ ಮುನಿಚಿಪ್ಯೋ ಚೌಕದಲ್ಲಿ ಅಗೆದಾಗ ರೋಮನ್ನರ ಹಡಗುಗಳು ಸಿಕ್ಕಿ ಕೆಲಸ ವರ್ಷಗಟ್ಟಲೆ ನಿಧಾನವಾಯಿತು. ನೇಪಲ್ಸಿನವರು ಮೆಟ್ರೋ ತಡವಾದದ್ದಕ್ಕೆ ಬೈಯುತ್ತಲೇ ಹಡಗಿನ ಬಗ್ಗೆ ಹೆಮ್ಮೆಪಡುತ್ತಾರೆ.

ನಿಲ್ದಾಣದಿಂದ ಮೇಲೆ ಬಂದರೆ ಸ್ಪ್ಯಾನಿಷ್ ಮೊಹಲ್ಲಾ. ಅಲ್ಲೊಂದು ಸಣ್ಣ ಮನೆ-ಊಟದ ಹೋಟೆಲು, ತ್ರಾತ್ತೋರಿಯಾ. ಏಳೂವರೆಗೆ ಮುಂಚೆ ಬಾಗಿಲು ತೆರೆಯುವುದಿಲ್ಲ. ಕೈಬರಹದ ಪಟ್ಟಿಯಲ್ಲಿ ಆಲೂಗಡ್ಡೆ-ಪಾಸ್ತಾ ಇತ್ತು. ಡಬ್ಬಿಯ ತಳದಲ್ಲಿ ಉಳಿದ ಬಗೆಬಗೆಯ ಪಾಸ್ತಾ ಚೂರುಗಳನ್ನು ಆಲೂಗಡ್ಡೆಯೊಂದಿಗೆ ಮುದ್ದೆಯಾಗುವವರೆಗೆ ಬೇಯಿಸಿ ಹೊಗೆ ಹಿಡಿಸಿದ ಚೀಸು ಬೆರೆಸುವುದು. ಕೆಲವರು ಒಗ್ಗರಣೆಗೆ ಹಂದಿಕೊಬ್ಬು ಹಾಕುತ್ತಾರೆ. ಕೇಳಿಸಿದೆ. ಹಾಕಿದ್ದರು. ಹಾಗಾಗಿ ಅದು ಹುಡುಗಿಯ ಪಾಲಾಯಿತು. ನನಗೆ ಫ್ರಿಯಾರಿಯೆಲ್ಲಿ ಸೊಪ್ಪು. ಬೆಳ್ಳುಳ್ಳಿ, ಒಣಮೆಣಸು, ಎಣ್ಣೆಯಲ್ಲಿ ಬಾಡಿಸಿದ್ದು, ನಾಲಿಗೆಯ ಹಿಂದುಗಡೆ ಹದವಾದ ಕಹಿ. ಪಾಸ್ತಾ ಅಗ್ಗವಾಗುವ ಮೊದಲು, 17ನೆಯ ಶತಮಾನದವರೆಗೂ, ಇಟಲಿಯ ಬೇರೆ ಊರಿನವರು ನೇಪಲ್ಸಿನವರನ್ನು ಸೊಪ್ಪು ತಿನ್ನುವವರು ಎಂದೇ ಆಡಿಕೊಳ್ಳುತ್ತಿದ್ದರು. ಬೈಗುಳವೆಂದು ತಿಳಿಯಲು ನನ್ನಿಂದಾಗಲಿಲ್ಲ. ಇನ್ನೊಂದು ತಟ್ಟೆ ತರಿಸಿದೆ, ಜೊತೆಗೆ ಬ್ರೆಡ್ಡು.

ಬಡಿಸುವ ಹಿರಿಯರಿಗೆ ನಾವು ದಿನವೆಲ್ಲ ನೆಲದ ಕೆಳಗಿದ್ದೆವೆಂದು ಕೇಳಿ ಖುಷಿಯಾಯಿತು. ನಮ್ಮ ಪಿಜ್ಜಾ, ನಮ್ಮ ಕಾಫಿ, ಎಲ್ಲಕ್ಕೂ ನಮ್ಮ ನೀರೇ ಕಾರಣ, ಈ ರುಚಿ ಮಿಲಾನಿನಲ್ಲಿ ಬರುವುದಿಲ್ಲ ಎಂದು ಹುಡುಗಿಯ ಕಡೆ ನೋಡಿ ಹೇಳಿದರು.

"ಹಾಗಾದರೆ ನಲ್ಲಿ ನೀರೇ ಒಂದು ಜಗ್ ಕೊಡಿ" ಎಂದಳು ಅವಳು.

ಅವರು ಗಂಭೀರವಾಗಿ ತಲೆಯಾಡಿಸಿ ಒಳಗೆ ಹೋಗಿ ಮುಚ್ಚಳ ಒಡೆಯದ ಬಾಟಲಿ ತಂದಿಟ್ಟರು. ಬಿಲ್ಲಿನಲ್ಲಿ ಅದಕ್ಕೆ ಎರಡು ಯೂರೋ.